ಮಕ್ಕಳ ಹವ್ಯಾಸ ಮಕ್ಕಳದ್ದೇ ಆಗಲಿ: ಆಯ್ಕೆಗೆ ನೆರವಾಗುವ ಹೆತ್ತವರಿಗೊಂದು ಸಮಗ್ರ ಮಾರ್ಗದರ್ಶಿ

ಮಗು ಸಂಗೀತಕ್ಕೆ ಹೋಗುತ್ತದೆ, ಈಜಿಗೆ ಹೋಗುತ್ತದೆ, ಚೆಸ್ ಕಲಿಯುತ್ತಿದೆ, ವಾರಾಂತ್ಯದಲ್ಲಿ ಚಿತ್ರಕಲೆ ಬೇರೆ. ಇಷ್ಟೆಲ್ಲ ಇರುವ ಮನೆಯವರು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ತರಗತಿ ಇಲ್ಲದ ದಿನ ಮಗು ತಾನಾಗಿ ಇವುಗಳಲ್ಲಿ ಯಾವುದಕ್ಕೆ ಕೈ ಹಾಕುತ್ತದೆ? ಯಾವುದಕ್ಕೂ ಇಲ್ಲ ಎಂದಾದರೆ ಆ ಮಗುವಿಗೆ ನಾಲ್ಕು ತರಗತಿಗಳಿವೆ, ಹವ್ಯಾಸ ಒಂದೂ ಇಲ್ಲ.

ಯಾರೂ ಹೇಳದಿದ್ದರೂ, ಯಾರೂ ನೋಡದಿದ್ದರೂ ಮಗು ಮತ್ತೆ ಮತ್ತೆ ಹಿಂದಿರುಗಿ ಹೋಗುವ ಕೆಲಸವನ್ನು ಮಾತ್ರ ನಾನು ಹವ್ಯಾಸ ಎನ್ನುತ್ತೇನೆ. ಉಳಿದದ್ದು ತರಬೇತಿ. ತರಬೇತಿ ಕೀಳೆಂದಲ್ಲ. ಈಜು ಜೀವ ಉಳಿಸುವ ವಿದ್ಯೆ. ಇಷ್ಟವಿರಲಿ ಬಿಡಲಿ, ಕಲಿಸಬೇಕು. ಆದರೆ "ಇದು ನಿನ್ನ ಸುರಕ್ಷತೆಗೆ, ಕಲಿಯಲೇಬೇಕು" ಎಂದು ನೇರವಾಗಿ ಹೇಳಿ ಕಲಿಸಿ. ಕಡ್ಡಾಯ ಮಾಡಿದ್ದನ್ನೇ "ನಿನ್ನ ಹವ್ಯಾಸ" ಎಂದು ಕರೆದರೆ, ತನಗೇನು ಇಷ್ಟ ಎಂಬುದರ ಬಗ್ಗೆ ಮಗುವಿಗೇ ಗೊಂದಲ ಹುಟ್ಟುತ್ತದೆ. ದೈಹಿಕ ಚಟುವಟಿಕೆಯ ವಿಷಯವೂ ಹೀಗೆಯೇ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಚಟುವಟಿಕೆಯಲ್ಲಿ ತೊಡಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆ ಒಂದು ಗಂಟೆಯ ಬಗ್ಗೆ ಚೌಕಾಸಿ ಬೇಡ. ಅದು ಓಟವೋ, ಕುಣಿತವೋ, ಸೈಕಲ್ಲೋ ಎಂಬುದನ್ನು ಮಗುವಿಗೆ ಬಿಡಿ.

ಇಲ್ಲಿಂದ ಮುಂದೆ ಹೇಳುವುದೆಲ್ಲ, ಮಗು ನಿಜಕ್ಕೂ ಇಷ್ಟಪಡುವ ಹವ್ಯಾಸವನ್ನು ಗುರುತಿಸಿ ಅದಕ್ಕೆ ದಾರಿ ಮಾಡಿಕೊಡುವುದು ಹೇಗೆಂಬುದರ ಬಗ್ಗೆ.

ಮೊದಲ ಹಂತ: ಬಿಡುವು ಕೊಡಿ

ಹವ್ಯಾಸ ಹುಟ್ಟಲು ಮೊದಲು ಬೇಕಾದದ್ದು ಖಾಲಿ ಹೊತ್ತು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ, ಬಿಡುವು ಮತ್ತು ವಯಸ್ಸಿಗೆ ತಕ್ಕ ಆಟವನ್ನು ಮಗುವಿನ ಹಕ್ಕೆಂದೇ ಕರೆಯುತ್ತದೆ. ಶಾಲೆ, ಮನೆಪಾಠ, ತರಗತಿ, ನಿದ್ದೆ ಇವುಗಳ ನಡುವೆ ವಾರದಲ್ಲಿ ಮೂರ್ನಾಲ್ಕು ಸಲವಾದರೂ ಯಾವ ಕಾರ್ಯಕ್ರಮವೂ ಇಲ್ಲದ ಒಂದೆರಡು ತಾಸು ಇರಲಿ. ಆ ಹೊತ್ತಿನಲ್ಲಿ ಮೊಬೈಲ್ ಮತ್ತು ಟಿ.ವಿ. ದೂರವಿರಲಿ.

ಮಗು "ಬೇಜಾರು" ಎನ್ನುತ್ತದೆ. ಎನ್ನಲಿ. ಅದಕ್ಕೆ ಉತ್ತರ ಹುಡುಕುವ ಹೊಣೆ ನಿಮ್ಮದಲ್ಲ. ಬೇಸರದಲ್ಲಿ ಅತ್ತಿತ್ತ ಅಡ್ಡಾಡಿ ಕೊನೆಗೆ ಅದು ಎಲ್ಲಿ ಕುಳಿತಿತು, ಏನನ್ನು ಎತ್ತಿಕೊಂಡಿತು ಎಂಬುದೇ ಮುಂದಿನ ಹಂತಕ್ಕೆ ಬೇಕಾದ ಮಾಹಿತಿ.

ಎರಡನೆಯ ಹಂತ: ಗಮನಿಸಿ, ಬರೆದಿಡಿ

ಮೂರ್ನಾಲ್ಕು ವಾರ ಸುಮ್ಮನೆ ನೋಡಿ. ಒಂದು ಸಣ್ಣ ಪುಸ್ತಕದಲ್ಲಿ ದಿನಕ್ಕೆರಡು ಸಾಲು ಬರೆದರೆ ಸಾಕು. ಶಾಲೆಯಿಂದ ಬಂದು ಚೀಲ ಇಳಿಸಿದ ಮೇಲೆ ಮೊದಲು ಏನು ಮಾಡುತ್ತದೆ? ಯಾವ ಕೆಲಸದ ನಡುವೆ ಊಟಕ್ಕೆ ಕರೆದರೆ ಸಿಡುಕುತ್ತದೆ? ಯಾವುದರ ಬಗ್ಗೆ ಮೇಲಿಂದ ಮೇಲೆ ಪ್ರಶ್ನೆ ಕೇಳುತ್ತದೆ? ಕೆಟ್ಟುಹೋದರೂ ಬಿಡದೆ ಮತ್ತೆ ಮಾಡಲು ಕೂರುವುದು ಯಾವುದನ್ನು? ಈ ಕೊನೆಯ ಪ್ರಶ್ನೆಗೆ ಹೆಚ್ಚು ತೂಕ ಕೊಡಿ. ಗೆದ್ದಾಗ ಎಲ್ಲವೂ ಇಷ್ಟವೇ. ಸೋತ ಮೇಲೂ ಕರೆಯುವ ಕೆಲಸ ಬೇರೆ.

ಗಮನಿಸುತ್ತಿದ್ದೀರಿ ಎಂದು ಮಗುವಿಗೆ ಗೊತ್ತಾಗಬಾರದು. ಗೊತ್ತಾದರೆ ಅದು ನಿಮಗೆ ಮೆಚ್ಚಿಕೆಯಾಗುವುದನ್ನೇ ಮಾಡತೊಡಗುತ್ತದೆ. ಹೆತ್ತವರ ಮುಖ ಯಾವಾಗ ಅರಳುತ್ತದೆ ಎಂಬುದನ್ನು ಮಕ್ಕಳಷ್ಟು ಚೆನ್ನಾಗಿ ಓದುವವರು ಯಾರೂ ಇಲ್ಲ.

ಪರದೆಯ ಮುಂದೆ ಕಳೆಯುವ ಹೊತ್ತನ್ನೂ ಪೂರ್ತಿ ತಳ್ಳಿಹಾಕಬೇಡಿ. ಗಂಟೆಗಟ್ಟಲೆ ನೋಡುವುದು ಹವ್ಯಾಸವಲ್ಲ. ಆದರೆ ಏನನ್ನು ನೋಡುತ್ತದೆ ಎಂಬುದರಲ್ಲಿ ಸುಳಿವಿರುತ್ತದೆ. ರೈಲುಗಳ ವಿಡಿಯೋಗಳನ್ನೇ ನೋಡುವ ಮಗುವಿಗೆ ನಕ್ಷೆಯೋ, ಮಾದರಿ ಕಟ್ಟುವುದೋ, ವೇಳಾಪಟ್ಟಿ ಜೋಡಿಸುವುದೋ ಹಿಡಿಸಬಹುದು.

ಮೂರನೆಯ ಹಂತ: ಇಷ್ಟವಾಗಿರುವುದು ಅದರಲ್ಲಿನ ಯಾವ ಭಾಗ?

ನನ್ನ ಮಟ್ಟಿಗೆ ಇಡೀ ಮಾರ್ಗದರ್ಶಿಯಲ್ಲಿ ಬಹಳ ಮುಖ್ಯವಾದ ಹಂತ ಇದು. ಹೆಚ್ಚಿನವರು ಹಾರಿಬಿಡುವುದೂ ಇದನ್ನೇ.

ಎಂಟು ವರ್ಷದ ಹುಡುಗಿಯೊಬ್ಬಳು ದಿನವೂ ಬಣ್ಣದ ಡಬ್ಬಿ ತೆಗೆದು ಕೂರುತ್ತಾಳೆ ಎಂದುಕೊಳ್ಳಿ. ಮನೆಯವರಿಗೆ ಖುಷಿ, ಮರುವಾರವೇ ಚಿತ್ರಕಲೆ ತರಗತಿಗೆ ಸೇರಿಸುತ್ತಾರೆ. ಅಲ್ಲಿ ಮೊದಲ ಕೆಲವು ವಾರ ಪೆನ್ಸಿಲಿನಲ್ಲಿ ಗೆರೆ, ವೃತ್ತ, ಹೂಜಿ, ನೆರಳು. ತಿಂಗಳು ಕಳೆಯುವುದರೊಳಗೆ ಹುಡುಗಿಗೆ ತಲೆನೋವು, ಹೊಟ್ಟೆನೋವು. ತರಗತಿಯ ಹೊತ್ತಿಗೆ ಸರಿಯಾಗಿ ನಿದ್ದೆ. "ಶುರುವಿನಲ್ಲಿ ಎಷ್ಟು ಉತ್ಸಾಹ ಇತ್ತು, ಬರೀ ಆರಂಭಶೂರತ್ವ" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಅವಳು ಮನೆಯಲ್ಲಿ ಮಾಡುತ್ತಿದ್ದದ್ದನ್ನು ಹತ್ತಿರ ಹೋಗಿ ನೋಡಿದ್ದರೆ ತಿಳಿಯುತ್ತಿತ್ತು: ಅವಳು ಚಿತ್ರ ಬಿಡಿಸುತ್ತಿರಲೇ ಇಲ್ಲ. ನೀಲಿಗೆ ಒಂದು ಹನಿ ಹಳದಿ, ಎರಡು ಹನಿ ಹಳದಿ, ಮೂರು ಹನಿ. ಪ್ರತಿಯೊಂದನ್ನೂ ಹಾಳೆಯ ಅಂಚಿನಲ್ಲಿ ಬಳಿದು, ಪಕ್ಕದಲ್ಲಿ ತಾನೇ ಇಟ್ಟ ಹೆಸರು ಬರೆಯುತ್ತಿದ್ದಳು. ಅವಳ ಕುತೂಹಲ ಬೆರಕೆಯಲ್ಲಿತ್ತು. ಅವಳಿಗೆ ಬಟ್ಟೆಗೆ ಬಣ್ಣ ಹಾಕುವುದು, ಮಣ್ಣಿನ ಪಾತ್ರೆಗೆ ಹೊಳಪು ಕೊಡುವುದು, ಮನೆಯಲ್ಲೇ ಮಾಡಬಹುದಾದ ಸಣ್ಣ ರಸಾಯನ ಪ್ರಯೋಗಗಳು ಹಿಡಿಸುತ್ತಿದ್ದವೇನೋ. ಹೂಜಿಯ ನೆರಳು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಕ್ರಿಕೆಟ್ ಎಂದರೆ ಜೀವ ಬಿಡುವ ಹುಡುಗನಿಗೆ ಬ್ಯಾಟಿಂಗ್ ಇಷ್ಟವಿರಬಹುದು, ತಂಡದ ಗದ್ದಲ ಇಷ್ಟವಿರಬಹುದು, ಅಂಕಿಅಂಶ ಇಷ್ಟವಿರಬಹುದು. ಮೂರನೆಯ ಬಗೆಯವನನ್ನು ಬಿಸಿಲಿನಲ್ಲಿ ಓಡಿಸುವುದಕ್ಕಿಂತ ಸ್ಕೋರ್ ಪುಸ್ತಕ ಕೈಗಿತ್ತು ಪಂದ್ಯದ ಲೆಕ್ಕ ಬರೆಯಲು ಬಿಡುವುದು ಮೇಲು. ನಾಟಕ ಇಷ್ಟ ಎನ್ನುವವರಲ್ಲಿ ವೇದಿಕೆ ಏರುವ ಆಸೆಯವರು ಕೆಲವರು, ವೇಷ ಹೊಲಿಯುವ, ದೀಪ ಜೋಡಿಸುವ ಆಸೆಯವರು ಕೆಲವರು.

ಇದನ್ನು ತಿಳಿಯುವ ದಾರಿ, ಮಗು ಆ ಕೆಲಸದಲ್ಲಿ ಯಾವ ಘಟ್ಟದಲ್ಲಿ ನಿಧಾನವಾಗುತ್ತದೆ ಎಂದು ನೋಡುವುದು. ಎಲ್ಲಿ ಅವಸರ ಮಾಡುತ್ತದೋ ಅದು ಬೇಡದ ಭಾಗ. ಎಲ್ಲಿ ಕೈ ತಾನಾಗಿ ತಡೆಯುತ್ತದೋ ಅಲ್ಲಿದೆ ಒಲವು. ಬಾಯಿಬಿಟ್ಟು ಕೇಳುವುದಾದರೆ "ನಿನಗೆ ಇದು ಇಷ್ಟವಾ?" ಎಂದು ಕೇಳಬೇಡಿ, "ಹೂಂ" ಎಂಬಷ್ಟೇ ಉತ್ತರ ಬರುತ್ತದೆ. "ಇವತ್ತು ಮಾಡಿದ್ದರಲ್ಲಿ ಯಾವುದನ್ನು ನಾಳೆ ಮತ್ತೆ ಮಾಡುತ್ತೀಯ?", "ಯಾವ ಭಾಗ ಬೇಗ ಮುಗಿದರೆ ಸಾಕು ಅನ್ನಿಸಿತು?" ಎಂದು ಕೇಳಿ.

ನಾಲ್ಕನೆಯ ಹಂತ: ಸಣ್ಣದಾಗಿ ರುಚಿ ತೋರಿಸಿ

ಕಂಡಿರದ ವಸ್ತುವನ್ನು ಮಗು ಬಯಸಲಾರದು. ಹಾಗಾಗಿ ನಾನಾ ಬಗೆಯ ಕೆಲಸಗಳನ್ನು ಅದರ ಕಣ್ಣಿಗೆ ಬೀಳಿಸುವುದು ನಮ್ಮ ಕೆಲಸ. ಗ್ರಂಥಾಲಯ, ವಸ್ತುಸಂಗ್ರಹಾಲಯ, ಆಟದ ಮೈದಾನ, ಮರಗೆಲಸದವರ ಅಂಗಡಿ, ಸಂಗೀತ ಕಛೇರಿ, ನಾಟಕದ ತಾಲೀಮು. ಎಲ್ಲಕ್ಕಿಂತ ಪರಿಣಾಮಕಾರಿ ಎಂದರೆ, ಒಂದು ಕೆಲಸವನ್ನು ಪ್ರೀತಿಯಿಂದ ಮಾಡುವ ದೊಡ್ಡವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂರಿಸುವುದು. ಹಕ್ಕಿಗಳನ್ನು ನೋಡುವವರ ಜೊತೆ ಒಂದು ಬೆಳಗ್ಗೆ ಕಳೆದ ಮಗುವಿಗೆ ಸಿಗುವ ಅನುಭವವನ್ನು ಹಕ್ಕಿಗಳ ಪುಸ್ತಕವೊಂದೇ ಕೊಡಲಾರದು.

ಮಕ್ಕಳ ಕ್ರೀಡಾಬೆಳವಣಿಗೆಯನ್ನು ಅಧ್ಯಯನ ಮಾಡಿದ ಕೆನಡಾದ ಜಾನ್ ಕೋಟೆ, 6ರಿಂದ 12ರವರೆಗಿನ ವರ್ಷಗಳನ್ನು ಹಲವನ್ನು ಆಡಿ ನೋಡುವ ಕಾಲ ಎಂದು ಗುರುತಿಸಿದ್ದಾರೆ. ಒಂದೆರಡನ್ನು ಆಯ್ದುಕೊಳ್ಳುವುದು ಸುಮಾರು 13ರ ನಂತರ. ಈ ಮಾತು ಕ್ರೀಡೆಗೆ ಹೇಳಿದ್ದಾದರೂ ಉಳಿದ ಹವ್ಯಾಸಗಳಿಗೂ ಇದು ಒಳ್ಳೆಯ ಅಂದಾಜು. ಏಳನೆಯ ವಯಸ್ಸಿಗೇ "ನಮ್ಮ ಮಗನ ದಾರಿ ಇದು" ಎಂದು ತೀರ್ಮಾನಿಸುವ ತುರ್ತು ಯಾರಿಗೂ ಇಲ್ಲ. ಆದರೆ ಹಲವನ್ನು ತೋರಿಸುವುದು ಎಂದರೆ ಎಲ್ಲವನ್ನೂ ಒಟ್ಟಿಗೆ ತುರುಕುವುದಲ್ಲ. ಒಂದು ಕಾಲಕ್ಕೆ ಹೊಸದೊಂದು, ಹೆಚ್ಚೆಂದರೆ ಎರಡು.

ಸಾಮಗ್ರಿಯ ಬಗ್ಗೆ ಒಂದು ಮಾತು. ಶುರುವಿನಲ್ಲೇ ದುಬಾರಿ ಸಾಧನ ಕೊಂಡರೆ ಆ ಖರ್ಚು ಮಗುವಿನ ಹೆಗಲ ಮೇಲೆ ಕೂರುತ್ತದೆ. "ಇಷ್ಟು ಕೊಟ್ಟು ತಂದಿದ್ದೇವೆ" ಎಂಬ ಮಾತು ಒಂದಲ್ಲ ಒಂದು ದಿನ ಬಾಯಿಂದ ಬಂದೇ ಬರುತ್ತದೆ. ಎರವಲು ತನ್ನಿ, ಬಾಡಿಗೆಗೆ ತನ್ನಿ, ಬಳಸಿದ್ದನ್ನು ಕೊಳ್ಳಿ. ಆದರೆ ತೀರಾ ಕಳಪೆಯದೂ ಬೇಡ. ಶ್ರುತಿ ನಿಲ್ಲದ ಗಿಟಾರ್, ಕಾಗದಕ್ಕೆ ಬದಲು ಬೆರಳಿಗೆ ಅಂಟುವ ಬಣ್ಣ, ಮೊಂಡು ಕತ್ತರಿ, ಇವುಗಳ ದೋಷವನ್ನು ಮಗು ತನ್ನ ದೋಷವೆಂದೇ ತಿಳಿಯುತ್ತದೆ. ಅಳತೆಯನ್ನೂ ನೋಡಿ. ವಯಲಿನ್ ಕಾಲು, ಅರ್ಧ, ಮುಕ್ಕಾಲು ಅಳತೆಗಳಲ್ಲಿ ಸಿಗುತ್ತದೆ. ದೊಡ್ಡವರ ಪೂರ್ಣ ಅಳತೆಯ ವಾದ್ಯವನ್ನು ಪುಟ್ಟ ಕೈಗೆ ಕೊಟ್ಟರೆ ಮೊದಲ ಪಾಠವೇ ಭುಜದ ನೋವಾಗುತ್ತದೆ.

ಐದನೆಯ ಹಂತ: ಆಯ್ಕೆ ನಿಜವಾದ ಆಯ್ಕೆಯಾಗಿರಲಿ

ಎಡ್ವರ್ಡ್ ಡೇಸಿ ಮತ್ತು ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು ಒಳಗಿನಿಂದ ಹುಟ್ಟುವ ಪ್ರೇರಣೆಗೆ ಮೂರು ಆಸರೆಗಳನ್ನು ಗುರುತಿಸಿದರು: ಇದು ನನ್ನ ಆಯ್ಕೆ ಎಂಬ ಭಾವ, ಇದು ನನ್ನಿಂದ ಆಗುತ್ತಿದೆ ಎಂಬ ಭಾವ, ನನ್ನವರೊಂದಿಗೆ ಇದ್ದೇನೆ ಎಂಬ ಭಾವ. ಮೊದಲನೆಯದನ್ನು ಮನೆಗಳಲ್ಲಿ ಎಷ್ಟು ಸುಲಭವಾಗಿ ಮುರಿಯುತ್ತೇವೆ ನೋಡಿ: "ನಿನಗೆ ಏನು ಬೇಕೋ ಆರಿಸಿಕೊ" ಎನ್ನುತ್ತೇವೆ, ಮಗು ಹೇಳಿದ ಕೂಡಲೇ "ಅದಾ? ಅದರಲ್ಲೇನಿದೆ?" ಎನ್ನುತ್ತೇವೆ. ನಿಮಗೆ ಒಪ್ಪಿಗೆಯಿಲ್ಲದ್ದನ್ನು ಪಟ್ಟಿಯಲ್ಲಿ ಇಡಬೇಡಿ. ಇಟ್ಟ ಮೇಲೆ ಯಾವುದನ್ನು ಆರಿಸಿದರೂ ಮುಖ ಬಾಡಿಸಬೇಡಿ.

ನಾಲ್ಕೈದು ವರ್ಷದವರಿಗೆ ಕಣ್ಣೆದುರಿಗೆ ಎರಡು ವಸ್ತುಗಳಿದ್ದರೆ ಸಾಕು. ಏಳೆಂಟರಿಂದ ಹನ್ನೊಂದರವರೆಗಿನವರಿಗೆ ಮೂರು ದಾರಿ ತೋರಿಸಿ, ಪ್ರತಿಯೊಂದರಲ್ಲೂ ಒಂದೊಂದು ದಿನ ಭಾಗವಹಿಸಿದ ಮೇಲೆ ಹೇಳಲು ಬಿಡಿ. ಹದಿಹರೆಯದವರ ವಿಷಯದಲ್ಲಿ ಆರಿಸುವುದಷ್ಟೇ ಅಲ್ಲ, ಎಲ್ಲಿ, ಯಾರ ಜೊತೆ, ವಾರಕ್ಕೆ ಎಷ್ಟು ಸಲ ಎಂಬುದೂ ಅವರದೇ ತೀರ್ಮಾನವಾಗಲಿ. ಹಣ ಮತ್ತು ಓಡಾಟದ ಮಿತಿಯನ್ನು ಮಾತ್ರ ಮೊದಲೇ ಸ್ಪಷ್ಟವಾಗಿ ಹೇಳಿ.

ಹುಡುಗರದು, ಹುಡುಗಿಯರದು ಎಂಬ ವಿಂಗಡಣೆ ನಿಮ್ಮ ಬಾಯಿಂದ ಬರುವುದು ಬೇಡ. ಹೊಲಿಗೆ ಇಷ್ಟಪಡುವ ಹುಡುಗ ತಾನಾಗಿ ಅದನ್ನು ಬಿಡುವುದು ಅಪರೂಪ. ಸುತ್ತಲಿನವರ ಒಂದು ನಗೆ ಬಿಡಿಸುತ್ತದೆ. ಆ ನಗೆಗೆ ಮನೆಯಲ್ಲಿ ಜಾಗವಿಲ್ಲ ಎಂಬುದು ಅವನಿಗೆ ಗೊತ್ತಿರಬೇಕು.

ನಿಮ್ಮ ಈಡೇರದ ಆಸೆಯ ಬಗ್ಗೆಯೂ ಎಚ್ಚರವಿರಲಿ. ಕಲಿಯಲಾಗದೆ ಉಳಿದ ವೀಣೆಯನ್ನು ಮಗಳ ಕೈಗೆ ಕೊಡುವ ಬದಲು ನೀವೇ ಈಗ ಕಲಿಯಲು ಹೋಗಿ. ಮಗುವಿನ ಹೆಗಲ ಭಾರವೂ ಇಳಿಯುತ್ತದೆ, ದೊಡ್ಡವರೂ ಕಲಿಯುತ್ತಾರೆ, ತಡವರಿಸುತ್ತಾರೆ, ಆದರೂ ಬಿಡುವುದಿಲ್ಲ ಎಂಬುದನ್ನು ಅದು ಕಣ್ಣಾರೆ ಕಾಣುತ್ತದೆ.

ಆರನೆಯ ಹಂತ: ಅವಧಿಯ ಒಪ್ಪಂದ ಮಾಡಿಕೊಳ್ಳಿ

ಆಸಕ್ತಿ ಒಮ್ಮೆಗೇ ಪೂರ್ತಿಯಾಗಿ ಹುಟ್ಟುವುದಿಲ್ಲ. ಸುಝೇನ್ ಹೈಡಿ ಮತ್ತು ಆನ್ ರೆನ್ನಿಂಗರ್ ಎಂಬ ಸಂಶೋಧಕರು 2006ರಲ್ಲಿ ಅದನ್ನು ನಾಲ್ಕು ಘಟ್ಟಗಳಲ್ಲಿ ವಿವರಿಸಿದರು. ಮೊದಲು ಯಾವುದೋ ಸಂದರ್ಭದಲ್ಲಿ ಕಿಡಿ ಹೊತ್ತುತ್ತದೆ. ಆಮೇಲೆ ಹೊರಗಿನ ಆಸರೆಯಿಂದ ಅದು ಕೆಲಕಾಲ ಉಳಿಯುತ್ತದೆ. ನಂತರ ಮಗು ತಾನೇ ಪ್ರಶ್ನೆ ಕೇಳುತ್ತ ಮುಂದುವರಿಯುತ್ತದೆ. ಕೊನೆಗೆ ಅಡೆತಡೆ ಬಂದರೂ ಬಿಡದ ಗಟ್ಟಿ ಆಸಕ್ತಿಯಾಗುತ್ತದೆ. ಎಷ್ಟೋ ಹವ್ಯಾಸಗಳು ಎರಡನೆಯ ಘಟ್ಟದಲ್ಲಿ ಬಾಡಬಹುದು. ಹೊಸತನ ಹೋಗಿರುತ್ತದೆ, ಹಿಡಿತ ಇನ್ನೂ ಬಂದಿರುವುದಿಲ್ಲ. 2018ರಲ್ಲಿ ಮನೋವಿಜ್ಞಾನಿಗಳಾದ ಪಾಲ್ ಓಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ: ಒಲವು ಎಲ್ಲೋ ಸಿದ್ಧವಾಗಿದೆ, ಹುಡುಕಿದರೆ ಸಾಕು ಎಂದು ನಂಬಿದ್ದ ಕಾಲೇಜು ವಿದ್ಯಾರ್ಥಿಗಳ ಹೊಸ ಆಸಕ್ತಿ ವಿಷಯ ಕಠಿಣವಾದ ಕೂಡಲೇ ಹೆಚ್ಚು ಕುಸಿಯಿತು; ಒಲವು ಬೆಳೆಯುವಂಥದ್ದು ಎಂದು ತಿಳಿದವರದು ಅಷ್ಟು ಕುಸಿಯಲಿಲ್ಲ. ಹಾಗಾಗಿ ಮಗುವಿನೆದುರು "ನಿನ್ನ ಪ್ರತಿಭೆ ಯಾವುದರಲ್ಲಿದೆಯೋ ಹುಡುಕೋಣ" ಎನ್ನುವುದಕ್ಕಿಂತ "ಇದು ಹೇಗೆ ಬೆಳೆಯುತ್ತದೋ ನೋಡೋಣ" ಎನ್ನುವುದು ಒಳ್ಳೆಯದು.

ಇದಕ್ಕೆ ಅನುಕೂಲವಾದ ಏರ್ಪಾಡು ಅವಧಿಯ ಒಪ್ಪಂದ. ಸೇರುವ ಮೊದಲೇ "ಹತ್ತು ವಾರ ಹೋಗೋಣ, ಆಮೇಲೆ ಮುಂದುವರಿಸುವುದೋ ಬಿಡುವುದೋ ನೀನೇ ಹೇಳು" ಎಂದು ಮಾತಾಡಿಕೊಳ್ಳಿ. ಚಿಕ್ಕವರಿಗೆ ಐದಾರು ವಾರ ಸಾಕು. ತಂಡದ ಆಟವಾದರೆ ಆ ಋತು ಮುಗಿಯುವವರೆಗೆ, ಏಕೆಂದರೆ ಅಲ್ಲಿ ಉಳಿದವರೂ ನಂಬಿಕೊಂಡಿರುತ್ತಾರೆ. ಹತ್ತು ವಾರದ ನಂತರ "ಬೇಡ" ಎಂದರೆ ನಿಮ್ಮ ಮಾತನ್ನು ಉಳಿಸಿಕೊಳ್ಳಬೇಕು. "ಇನ್ನೊಂದು ತಿಂಗಳು ನೋಡು" ಎಂದು ಎಳೆದರೆ ಮುಂದಿನ ಯಾವ ಒಪ್ಪಂದವನ್ನೂ ಮಗು ನಂಬುವುದಿಲ್ಲ.

ಅವಧಿಯ ನಡುವೆಯೇ "ಹೋಗುವುದಿಲ್ಲ" ಎಂದಾಗ ಕಾರಣ ಬಿಡಿಸಿ ನೋಡಿ. ಹೊರಡುವಾಗ ಮಾತ್ರ ಕಿರಿಕಿರಿ, ಮರಳುವಾಗ ನಗುಮುಖವಾದರೆ ಅದು ಹೊರಡುವ ಸೋಮಾರಿತನ. ಅಲ್ಲಿ ತುಸು ನೂಕಬಹುದು. ಒಂದು ನಿರ್ದಿಷ್ಟ ಪಾಠ ಬಂದ ಮೇಲೆ ಶುರುವಾಗಿದ್ದರೆ ಕಷ್ಟ ಆ ಪಾಠದ್ದು. ಅದನ್ನು ಸಣ್ಣ ತುಂಡುಗಳಾಗಿ ಮಾಡಿಸಲು ಶಿಕ್ಷಕರಿಗೆ ಹೇಳಿ. ಮರಳಿ ಬಂದ ಮೇಲೂ ಮಂಕಾಗಿದ್ದರೆ, ಹಿಂದಿನ ರಾತ್ರಿಯೇ ಕಳವಳ ಶುರುವಾದರೆ, ಅಲ್ಲಿನ ಯಾರ ಹೆಸರೆತ್ತಿದರೂ ಮಾತು ನಿಲ್ಲಿಸಿದರೆ ಒಪ್ಪಂದ, ಅವಧಿ ಎಲ್ಲವನ್ನೂ ಬದಿಗಿಡಿ. ಗೇಲಿಯೋ, ಹೊಡೆತವೋ, ಅದಕ್ಕಿಂತ ಕೆಟ್ಟದ್ದೋ ನಡೆದಿರಬಹುದು. ಮೊದಲು ಕಳುಹಿಸುವುದನ್ನು ನಿಲ್ಲಿಸಿ, ಆಮೇಲೆ ವಿಚಾರಿಸಿ.

ಏಳನೆಯ ಹಂತ: ಕಲಿಸುವವರನ್ನು ನೋಡಿ ಆರಿಸಿ

ಎಲ್ಲ ಹವ್ಯಾಸಕ್ಕೂ ತರಗತಿ ಬೇಕಿಲ್ಲ. ಬೇಕೆನಿಸಿದರೆ ಸೇರಿಸುವ ಮೊದಲು ಒಂದು ಪೂರ್ತಿ ತರಗತಿ ಕುಳಿತು ನೋಡಿ. ಮಗು ತಪ್ಪು ಮಾಡಿದಾಗ ಶಿಕ್ಷಕರು ಏನು ಮಾಡುತ್ತಾರೆ ಎಂಬುದೊಂದನ್ನು ಗಮನಿಸಿದರೂ ಸಾಕು. ನಿಲ್ಲಿಸಿ, ಕೈ ಹಿಡಿದು ಮತ್ತೆ ಮಾಡಿಸುವವರ ಬಳಿ ಸೇರಿಸಿ. ಎಲ್ಲರೆದುರು ಹೆಸರು ಕೂಗಿ ನಾಚಿಸುವವರ ಬಳಿ, ಅವರ ಶಿಷ್ಯರು ಎಷ್ಟೇ ಪದಕ ತಂದಿದ್ದರೂ, ಸೇರಿಸಬೇಡಿ. ಹೆತ್ತವರು ಕುಳಿತು ನೋಡುವುದನ್ನು ಒಪ್ಪದ ಜಾಗ ನನಗಂತೂ ಒಪ್ಪಿಗೆಯಲ್ಲ.

ಎಂಟನೆಯ ಹಂತ: ಬಹುಮಾನ, ಹೊಗಳಿಕೆ, ಪ್ರದರ್ಶನ

1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಸಂಶೋಧಕರು ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರವಿರುವ ಪ್ರಶಸ್ತಿಪತ್ರ ಸಿಗುತ್ತದೆ ಎಂದು ಮೊದಲೇ ಹೇಳಿದ್ದರು. ಇನ್ನೊಂದಕ್ಕೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರದ ನಂತರ, ಯಾವ ಬಹುಮಾನದ ಮಾತೂ ಇಲ್ಲದ ಬಿಡುವಿನ ವೇಳೆಯಲ್ಲಿ, ಮೊದಲ ಗುಂಪಿನ ಮಕ್ಕಳು ಉಳಿದವರು ಚಿತ್ರಕ್ಕೆ ಕೊಟ್ಟ ಸಮಯದ ಸುಮಾರು ಅರ್ಧದಷ್ಟನ್ನು ಮಾತ್ರ ಕೊಟ್ಟರು. ಮೊದಲೇ ಇಷ್ಟವಿದ್ದ ಕೆಲಸ ಕೂಲಿಯ ಕೆಲಸವಾಗಿಬಿಟ್ಟಿತ್ತು. "ದಿನವೂ ಅಭ್ಯಾಸ ಮಾಡಿದರೆ ಆಟಿಕೆ ಕೊಡಿಸುತ್ತೇನೆ" ಎನ್ನುವ ಮೊದಲು ಈ ಮಕ್ಕಳನ್ನು ನೆನೆಯಿರಿ.

ಹೊಗಳುವಾಗಲೂ ಹದವಿರಲಿ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ತೋರಿಸಿದಂತೆ, "ನೀನು ಬುದ್ಧಿವಂತ" ಎಂಬ ಹೊಗಳಿಕೆ ಪಡೆದ ಮಕ್ಕಳು ಸೋಲು ಎದುರಾದ ಮೇಲೆ ಬೇಗ ಕೈಚೆಲ್ಲಿದರು. ಪಟ್ಟ ಶ್ರಮಕ್ಕೆ ಮೆಚ್ಚುಗೆ ಪಡೆದವರು ಹೆಚ್ಚು ಹೊತ್ತು ನಿಂತರು, ಕೆಲಸವನ್ನು ಹೆಚ್ಚು ಸವಿದರು. ನನ್ನ ಸಲಹೆ ಇನ್ನೂ ಸರಳ: ಹೊಗಳುವುದಕ್ಕಿಂತ ನೋಡಿದ್ದನ್ನು ಹೇಳಿ. "ಈ ಮೂಲೆಯಲ್ಲಿ ಹಸಿರನ್ನು ತೆಳುವಾಗಿ ಬಳಿದಿದ್ದೀಯಲ್ಲ, ಯಾಕೆ?" ಎಂಬ ಪ್ರಶ್ನೆಗೆ ಮಗು ಹತ್ತು ನಿಮಿಷ ಮಾತಾಡುತ್ತದೆ. "ತುಂಬಾ ಚೆನ್ನಾಗಿದೆ" ಎಂದರೆ ಹಾಳೆ ಮಡಚಿಟ್ಟು ಹೋಗುತ್ತದೆ.

ನೆಂಟರೆದುರು "ಒಂದು ಹಾಡು ಹೇಳು" ಎಂದು ಒತ್ತಾಯಿಸುವುದನ್ನು ದಯವಿಟ್ಟು ಬಿಡಿ. ಮಗು ತಾನೇ ಬಂದು ಹಾಡಿದರೆ ಎಲ್ಲರೂ ಕೇಳೋಣ. ಹಾಗೆಯೇ, ಕೇಳದೆ ಅದರ ಚಿತ್ರವನ್ನು, ವಿಡಿಯೋವನ್ನು ಜಾಲತಾಣಗಳಲ್ಲಿ ಹಾಕುವುದೂ ಬೇಡ.

ಒಂಬತ್ತನೆಯ ಹಂತ: ಸ್ಪರ್ಧೆ ಮತ್ತು ಅತಿ

ಕೆಲವು ಮಕ್ಕಳಿಗೆ ಸ್ಪರ್ಧೆ ಹುರುಪು ಕೊಡುತ್ತದೆ, ಕೆಲವರಿಗೆ ಅದೇ ಉರುಳು. ಯಾವುದೆಂಬುದನ್ನು ಮಗುವೇ ಹೇಳಲಿ. ಕ್ರೀಡೆಯ ವಿಷಯದಲ್ಲಿ ಮಾತ್ರ ದೇಹದ ಮಿತಿಯೂ ಇದೆ. ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು 15-16ರ ವಯಸ್ಸಿನವರೆಗೆ ಮುಂದೂಡುವುದು, ವಾರದಲ್ಲಿ ಒಂದೆರಡು ದಿನ ಪೂರ್ಣ ವಿರಾಮ, ವರ್ಷದಲ್ಲಿ ಬಿಡಿಬಿಡಿಯಾಗಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು, ಇದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆ. ಬೆಳೆಯುವ ಮೂಳೆ, ಕೀಲುಗಳ ಮೇಲೆ ಒಂದೇ ಬಗೆಯ ಒತ್ತಡ ಬೀಳುತ್ತಿದ್ದರೆ ಗಾಯದ ಅಪಾಯ ಹೆಚ್ಚಬಹುದು. ಮನಸ್ಸೂ ಬೇಗ ದಣಿಯಬಹುದು.

ಹತ್ತನೆಯ ಹಂತ: ಬಿಡುವುದನ್ನೂ ಚೆನ್ನಾಗಿ ಬಿಡಲು ಕಲಿಸಿ

ಮಗು ಹವ್ಯಾಸ ಬದಲಿಸುತ್ತದೆ. ಎರಡು ವರ್ಷ ಅಂಚೆಚೀಟಿ ಕೂಡಿಟ್ಟು ಮೂರನೆಯ ವರ್ಷ ಅದನ್ನು ತಿರುಗಿ ನೋಡದಿದ್ದರೆ ಆ ಎರಡು ವರ್ಷ ಹಾಳಾಗಲಿಲ್ಲ. ವಿಂಗಡಿಸುವುದು, ಭೂಪಟ ನೋಡುವುದು, ಕಾಯುವುದು ಅದರೊಳಗೆ ಉಳಿದಿರುತ್ತವೆ. "ಯಾವುದನ್ನೂ ಮುಗಿಸುವುದಿಲ್ಲ" ಎಂಬ ಹಣೆಪಟ್ಟಿ ಅಂಟಿಸಬೇಡಿ.

ಆದರೆ ಬಿಡುವುದಕ್ಕೂ ಒಂದು ಕ್ರಮವಿರಲಿ. ಕೈಯಲ್ಲಿ ಹಿಡಿದದ್ದನ್ನು, ಅರ್ಧವಾದ ಮಾದರಿಯಾಗಲಿ ಕಲಿಯುತ್ತಿದ್ದ ಹಾಡಾಗಲಿ, ಸಾಧ್ಯವಾದಷ್ಟು ಮಟ್ಟಿಗೆ ಮುಗಿಸಲಿ. ಕಲಿಸಿದವರಿಗೆ ತಾನೇ ಹೋಗಿ ಹೇಳಿ ಬರಲಿ. ಚಿಕ್ಕವರಾದರೆ ನೀವು ಜೊತೆಗೆ ನಿಲ್ಲಿ. ಎರವಲು ತಂದದ್ದನ್ನು ಒರೆಸಿ ಹಿಂದಿರುಗಿಸಲಿ. ಸ್ವಂತದ ಸಾಮಗ್ರಿಯನ್ನು ಕೂಡಲೇ ಯಾರಿಗೂ ಕೊಡಬೇಡಿ. ಒಂದು ಪೆಟ್ಟಿಗೆಯಲ್ಲಿ ಹಾಕಿ, ಮಗುವಿನ ಕೈಗೆಟುಕುವ ಕಡೆ ಆರು ತಿಂಗಳು ಇಡಿ, ಅದರ ಬಗ್ಗೆ ಮಾತೆತ್ತಬೇಡಿ. ತಾನಾಗಿ ತೆರೆದರೆ ಆ ಆಸಕ್ತಿ ಇನ್ನೂ ಇದೆ ಎಂದರ್ಥ. ತೆರೆಯದಿದ್ದರೆ ಅದನ್ನು ಯಾರಿಗೆ ಕೊಡಬೇಕೆಂದು ಮಗುವನ್ನೇ ಕೇಳಿ, ಮತ್ತೆ ಎರಡನೆಯ ಹಂತದ ಪುಸ್ತಕ ತೆಗೆದು ಗಮನಿಸಲು ಶುರುಮಾಡಿ.